ಕಾರ್ಖಾನೆಯ 140 ಜನರಿಗೆ ಫೇಸ್‌ಬುಕ್ ತರಹದ ಒಳಜಾಲ: ವಿವಾ ಎಂಗೇಜ್, ಹಮ್‌ಹಬ್, ಜುಲಿಪ್ – ಯಾವುದು ಸರಿ?

ಪೀಣ್ಯ_ಐಟಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿ. ಪೀಣ್ಯದಲ್ಲಿ ಮುಖ್ಯ ಘಟಕ, ಹಾರೋಹಳ್ಳಿಯಲ್ಲಿ ಎರಡನೆಯದು, ಹುಬ್ಬಳ್ಳಿಯಲ್ಲಿ ಗೋದಾಮು ಮತ್ತು ಸೇಲ್ಸ್. ಒಟ್ಟು 140 ಜನ. 55 ಜನಕ್ಕೆ ಮೈಕ್ರೋಸಾಫ್ಟ್ 365 ಬಿಸಿನೆಸ್ ಬೇಸಿಕ್ ಖಾತೆ ಇದೆ. ಉಳಿದ 85 ಜನ ಶಾಪ್ ಫ್ಲೋರ್, ಸ್ಟೋರ್ಸ್, ಡಿಸ್ಪ್ಯಾಚ್, ಸೆಕ್ಯೂರಿಟಿ. ಇವರಿಗೆ ಕಂಪನಿ ಇಮೇಲ್ ಇಲ್ಲ, ಸ್ವಂತ ಆಂಡ್ರಾಯ್ಡ್ ಫೋನ್ ಇದೆ.

ಈಗ ಎಲ್ಲವೂ ವಾಟ್ಸಾಪ್ ಗ್ರೂಪುಗಳಲ್ಲೇ. ಡ್ರಾಯಿಂಗ್‌ನ ಹಳೇ ರಿವಿಷನ್ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತದೆ, ಕೆಲಸ ಬಿಟ್ಟವರ ಫೋನಿನಲ್ಲಿ ಫೋಟೋಗಳು ಉಳಿದುಬಿಡುತ್ತವೆ, ಹೊಸಬರು ಬಂದರೆ ಹಿಂದಿನ ವರ್ಷ ಅದೇ ಯಂತ್ರಕ್ಕೆ ಏನು ರಿಪೇರಿ ಆಗಿತ್ತು ಎಂದು ನೋಡಲು ದಾರಿಯೇ ಇಲ್ಲ. ಆಡಳಿತದವರು "ನಮ್ಮದೇ ಒಂದು ಫೇಸ್‌ಬುಕ್ ತರಹದ್ದು ಮಾಡಿ" ಎಂದಿದ್ದಾರೆ: ಪೋಸ್ಟ್, ಕಾಮೆಂಟ್, ಲೈಕ್, ವಿಭಾಗವಾರು ಗ್ರೂಪ್, ಪ್ರೊಫೈಲ್.

ನನ್ನ ಪ್ರಶ್ನೆಗಳು: ಮೋಡದ ಸೇವೆ (ಕ್ಲೌಡ್, ಬೇರೆಯವರ ಸರ್ವರಿನಲ್ಲಿ ನಡೆಯುವುದು) ತೆಗೆದುಕೊಳ್ಳುವುದೋ, ನಾವೇ ಸರ್ವರ್ ಹಾಕುವುದೋ? ಸರ್ವರ್ ಹಾಕಿದರೆ ಎಷ್ಟು ದೊಡ್ಡದು ಬೇಕು? ಇಮೇಲ್ ಇಲ್ಲದವರಿಗೆ ಲಾಗಿನ್ ಹೇಗೆ ಕೊಡುವುದು? ಅರ್ಧಕ್ಕಿಂತ ಹೆಚ್ಚು ಜನ ಕನ್ನಡದಲ್ಲೇ ಬರೆಯುತ್ತಾರೆ, ಅದಕ್ಕೆ ಏನಾದರೂ ತೊಡಕು ಇದೆಯೇ? ಲಿನಕ್ಸ್ ಸರ್ವರ್ ನಡೆಸಬಲ್ಲವರು ನಮ್ಮಲ್ಲಿ ಇಬ್ಬರಿದ್ದಾರೆ.

---

ಸರ್ವರ್_ಕೋಣೆ

ಸಾಫ್ಟ್‌ವೇರ್ ಹೆಸರು ಆಮೇಲೆ ನೋಡೋಣ. ಈಗ ವಾಟ್ಸಾಪ್‌ನಲ್ಲಿ ಹೋಗುತ್ತಿರುವ ಮಾತನ್ನು ಒಂದು ವಾರ ನೋಡಿ ಮೂರು ರಾಶಿ ಮಾಡಿ.

ಒಂದು, ಎಲ್ಲರೂ ನೋಡಲೇಬೇಕಾದ್ದು: ಸುತ್ತೋಲೆ, ಶಿಫ್ಟ್ ಪಟ್ಟಿ, ಸುರಕ್ಷತೆ ಸೂಚನೆ, ರಜೆ. ಎರಡು, ಮುಂದೆ ಹುಡುಕಿ ತೆಗೆಯಬೇಕಾದ್ದು: ಬ್ರೇಕ್‌ಡೌನ್, ಗ್ರಾಹಕರ ದೂರು, ಡ್ರಾಯಿಂಗ್ ಬದಲಾವಣೆ. ಮೂರು, ಆ ಗಂಟೆಗೆ ಮಾತ್ರ ಬೇಕಾದ್ದು: "ಲಾರಿ ಗೇಟಿಗೆ ಬಂತು", "ಕ್ರೇನ್ ಖಾಲಿ ಇದೆಯಾ". ಫೇಸ್‌ಬುಕ್ ತರಹದ ಫೀಡ್ ಮೊದಲನೆಯದಕ್ಕೆ ಚೆನ್ನಾಗಿ ಒಗ್ಗುತ್ತದೆ, ಎರಡನೆಯದಕ್ಕೆ ಶಿಸ್ತು ಇದ್ದರೆ ಒಗ್ಗುತ್ತದೆ, ಮೂರನೆಯದಕ್ಕೆ ಒಗ್ಗುವುದೇ ಇಲ್ಲ. ಮೂರನೆಯ ರಾಶಿಯನ್ನೂ ಫೀಡಿಗೆ ಎಳೆದರೆ ದಿನಕ್ಕೆ ನೂರಾರು ಚಿಲ್ಲರೆ ಪೋಸ್ಟ್ ಬೀಳುತ್ತವೆ, ಎರಡೇ ವಾರದಲ್ಲಿ ಜನ ನೋಟಿಫಿಕೇಶನ್ ಆಫ್ ಮಾಡುತ್ತಾರೆ, ಆಮೇಲೆ ಸುರಕ್ಷತೆ ಸೂಚನೆಯೂ ತಲುಪುವುದಿಲ್ಲ. ಇಂಥ ಒಳಜಾಲಗಳು ಮಲಗುವುದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಇದೇ.

ಇನ್ನು ಆಯ್ಕೆ.

ವಿವಾ ಎಂಗೇಜ್ ಎಂದರೆ ಹಳೇ ಯಾಮರ್. 2012ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, 2023ರಲ್ಲಿ ಹೆಸರು ಬದಲಾಯಿತು. ನಿಮ್ಮ 55 ಬಿಸಿನೆಸ್ ಬೇಸಿಕ್ ಖಾತೆಗಳಿಗೆ ಇದು ಈಗಾಗಲೇ ಸೇರಿದೆ. ಉಳಿದ 85 ಜನಕ್ಕೆ ಫ್ರಂಟ್‌ಲೈನ್ ಲೈಸೆನ್ಸ್, ಅಂದರೆ ಎಫ್1 ಅಥವಾ ಎಫ್3 ಬೇಕು. ಎಫ್1ನಲ್ಲಿ ಬಳಸುವಂಥ ಮೇಲ್‌ಬಾಕ್ಸ್ ಇಲ್ಲ, ಹಾಗಾಗಿ ಇಮೇಲ್ ಮೂಲಕ ಬರುವ ಅನೌನ್ಸ್‌ಮೆಂಟ್ ಸೂಚನೆ ಇವರಿಗೆ ಸಿಗದು, ಫೋನಿನ ಆ್ಯಪ್ ಹಾಕಿಸಲೇಬೇಕು. 85 ಲೈಸೆನ್ಸಿನ ವರ್ಷದ ಮೊತ್ತವನ್ನು ಸರ್ವರ್ ಬಾಡಿಗೆ ಮತ್ತು ನಿಮ್ಮ ಇಬ್ಬರ ತಿಂಗಳ ಎರಡು ದಿನದ ದುಡಿಮೆಯ ಪಕ್ಕ ಇಟ್ಟು ನೋಡಿ. ಆ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ "ಓಪನ್ ಸೋರ್ಸ್ ಪುಕ್ಕಟೆ" ಅನ್ನುವುದು ತಪ್ಪು.

ವಿವಾ ಎಂಗೇಜ್ ತೆಗೆದುಕೊಂಡರೆ ಮೊದಲ ದಿನವೇ ಮೂರು ಕೆಲಸ ಮಾಡಿ. ಆಲ್ ಕಂಪನಿ ಸಮುದಾಯದಲ್ಲಿ ಹೊಸ ಪೋಸ್ಟ್ ಹಾಕುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರಲಿ. ಹೊಸ ಸಮುದಾಯ ತೆರೆಯುವುದನ್ನು ಎಂಟ್ರಾದಲ್ಲಿ (ಮೈಕ್ರೋಸಾಫ್ಟ್ ಖಾತೆಗಳನ್ನು ನಿರ್ವಹಿಸುವ ಜಾಗ) ಒಂದು ಗುಂಪಿಗೆ ಸೀಮಿತಗೊಳಿಸಿ. ಪ್ರತಿ ಸಮುದಾಯದ ಹಿಂದೆ ಒಂದು ಮೈಕ್ರೋಸಾಫ್ಟ್ 365 ಗ್ರೂಪ್, ಒಂದು ಶೇರ್‌ಪಾಯಿಂಟ್ ಸೈಟ್ (ಫೈಲು ಇಡುವ ಒಳತಾಣ) ತಾನಾಗಿ ಹುಟ್ಟುತ್ತದೆ, ಬಿಟ್ಟರೆ ಆರು ತಿಂಗಳಲ್ಲಿ ಯಾರದೆಂದು ಗೊತ್ತಿಲ್ಲದ ಸೈಟುಗಳು ತುಂಬುತ್ತವೆ. ಮೂರನೆಯದು, ಮುಖಪುಟದ ಫೀಡ್ ಬರೀ ಸಮಯದ ಕ್ರಮದಲ್ಲಿ ಇರುವುದಿಲ್ಲ, ಅದೇ ಆರಿಸಿ ತೋರಿಸುತ್ತದೆ. ಆದ್ದರಿಂದ ಕಡ್ಡಾಯ ಸೂಚನೆಯನ್ನು ಸಾಮಾನ್ಯ ಪೋಸ್ಟ್ ಆಗಿ ಹಾಕಬೇಡಿ, ಅನೌನ್ಸ್‌ಮೆಂಟ್ ಆಗಿ ಹಾಕಿ ಪಿನ್ ಮಾಡಿ.

ನೀವೇ ಸರ್ವರ್ ಹಾಕುವುದಾದರೆ ಹಮ್‌ಹಬ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ನೀವು ಹೇಳಿದ ವಿವರಣೆಗೆ ಅತಿ ಹತ್ತಿರ. ಸ್ಪೇಸ್ ಎಂಬ ಗ್ರೂಪುಗಳು, ಪ್ರತಿ ಸ್ಪೇಸಿಗೂ ತನ್ನದೇ ಫೀಡ್, ಲೈಕ್, ಕಾಮೆಂಟ್, ಪ್ರೊಫೈಲ್. ವಿಕಿ, ಕ್ಯಾಲೆಂಡರ್, ಪೋಲ್, ಟಾಸ್ಕ್ ಬೇಕೆಂದರೆ ಮಾಡ್ಯೂಲ್ ಸೇರಿಸಬಹುದು. ಪಿಎಚ್‌ಪಿ ಭಾಷೆ ಮತ್ತು ಮರಿಯಾಡಿಬಿ ಡೇಟಾಬೇಸ್ ಮೇಲೆ ಓಡುತ್ತದೆ, ನಿಮ್ಮ ಇಬ್ಬರಿಗೆ ಕಷ್ಟವಾಗದು. ಜುಲಿಪ್ ಬೇರೆ ಜಾತಿ: ಅದು ಚಾನೆಲ್ ಮತ್ತು ಟಾಪಿಕ್ ಇರುವ ಚಾಟ್. ಫೇಸ್‌ಬುಕ್ ತರಹ ಕಾಣುವುದಿಲ್ಲ, ಆದರೆ ಎರಡನೆಯ ರಾಶಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎರಡನ್ನೂ ಒಟ್ಟಿಗೆ ತರಬೇಡಿ. 85 ಶಾಪ್ ಫ್ಲೋರ್ ಜನ ಇದ್ದಾರೆ ಅಂದಮೇಲೆ ಹಮ್‌ಹಬ್‌ನಿಂದ ಶುರು ಮಾಡಿ. ಮೂರನೆಯ ರಾಶಿ ವಾಟ್ಸಾಪ್‌ನಲ್ಲೇ ಇರಲಿ.

---

ಕರಾವಳಿ_ಲಿನಕ್ಸ್

ಹಮ್‌ಹಬ್ ಹಾಕುವುದಾದರೆ ಎಲ್ಲಿ ಎಡವುತ್ತಾರೆ ಅಂತ ಬರೆಯುತ್ತೇನೆ. ಇನ್‌ಸ್ಟಾಲ್ ಮಾಡುವುದು ಅರ್ಧ ದಿನದ ಕೆಲಸ, ಅದರ ವಿವರ ಅವರ ಕೈಪಿಡಿಯಲ್ಲೇ ಇದೆ.

ಗಾತ್ರ: 140 ಜನಕ್ಕೆ 2 ಕೋರ್, 4 ಜಿಬಿ ರ್‍ಯಾಮ್ ಧಾರಾಳ ಸಾಕು. ಮೊದಲು ತುಂಬುವುದು ಡಿಸ್ಕ್. ಮೂರು ಜಾಗದಿಂದ ದಿನಕ್ಕೆ ತಲಾ 20 ಫೋಟೋ, ಒಂದೊಂದು 4 ಎಂಬಿ ಅಂದುಕೊಳ್ಳಿ: ದಿನಕ್ಕೆ 240 ಎಂಬಿ, 300 ಕೆಲಸದ ದಿನಕ್ಕೆ 72 ಜಿಬಿ. ವೀಡಿಯೋ ಇದರಲ್ಲಿ ಸೇರಿಲ್ಲ. ಬ್ಯಾಕಪ್ ಇಡುವ ಜಾಗವೂ ಬೇರೆ. ಅಪ್‌ಲೋಡ್ ಫೋಲ್ಡರನ್ನು ಪ್ರತ್ಯೇಕ ಡಿಸ್ಕಿನಲ್ಲಿಡಿ, ಆಮೇಲೆ ಅದೊಂದನ್ನೇ ಹಿಗ್ಗಿಸಬಹುದು. ಫೋಟೋ ತುಂಬಿ ಡೇಟಾಬೇಸ್ ನಿಲ್ಲುವುದೂ ತಪ್ಪುತ್ತದೆ.

ಫೋಟೋ ಹತ್ತದೇ ಇರುವುದು: ಮೊದಲ ದಿನದ ದೂರು ಇದೇ ಇರುತ್ತದೆ. ಮಿತಿ ಮೂರು ಕಡೆ ಇದೆ. ಪಿಎಚ್‌ಪಿಯಲ್ಲಿ ಒಂದು ಫೈಲಿನ ಮಿತಿ ಮೂಲದಲ್ಲಿ 2 ಎಂಬಿ, ಇಡೀ ಪೋಸ್ಟಿನ ಮಿತಿ 8 ಎಂಬಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ ರಿಕ್ವೆಸ್ಟಿನ ಮಿತಿ 1 ಎಂಬಿ. ಎಂಜಿನ್‌ಎಕ್ಸ್ ತಡೆದರೆ 413 ಎಂಬ ಎರರ್ ಬರುತ್ತದೆ. ಪಿಎಚ್‌ಪಿ ತಡೆದರೆ ಫೈಲ್ ಸುಮ್ಮನೆ ಸೇರುವುದಿಲ್ಲ. ಮೂರನ್ನೂ ಒಟ್ಟಿಗೆ ಏರಿಸಿ: ಫೈಲಿಗೆ 25, ಪೋಸ್ಟಿಗೆ 30, ಎಂಜಿನ್‌ಎಕ್ಸಿಗೆ 30 ಎಂಬಿ. ಅದಾದಮೇಲೆ ಹಮ್‌ಹಬ್ ಒಳಗಿನ ಫೈಲ್ ಸೆಟ್ಟಿಂಗ್‌ನಲ್ಲೂ ಒಂದು ಮಿತಿ ಇದೆ, ಅದನ್ನೂ ನೋಡಿ. ಐಫೋನ್ ಇರುವವರು ಎಚ್‌ಇಐಸಿ ನಮೂನೆಯ ಫೋಟೋ ಹಾಕಿದರೆ ಬಹಳ ಬ್ರೌಸರುಗಳಲ್ಲಿ ಚಿತ್ರ ಕಾಣುವುದಿಲ್ಲ; ಅವರ ಕ್ಯಾಮೆರಾ ಸೆಟ್ಟಿಂಗನ್ನು "ಮೋಸ್ಟ್ ಕಂಪ್ಯಾಟಿಬಲ್" ಮಾಡಿಸಿ.

ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ): ಎರಡು ಕೆಲಸ ಪ್ರತಿ ನಿಮಿಷ ಓಡಬೇಕು, ಒಂದು ಕ್ಯೂ, ಇನ್ನೊಂದು ಕ್ರಾನ್. ಇವು ಓಡದಿದ್ದರೆ ಸೈಟ್ ಸರಿಯಾಗೇ ಕಾಣುತ್ತದೆ, ಪೋಸ್ಟ್ ಬೀಳುತ್ತದೆ, ಆದರೆ ಸೂಚನೆ ಯಾರಿಗೂ ಹೋಗುವುದಿಲ್ಲ. ಇವನ್ನು ವೆಬ್ ಸರ್ವರ್ ಬಳಕೆದಾರನ ಕ್ರಾನ್‌ಟ್ಯಾಬ್‌ನಲ್ಲೇ ಹಾಕಿ. ರೂಟ್ ಹೆಸರಲ್ಲಿ ಓಡಿಸಿದರೆ ಕ್ಯಾಶ್ ಮತ್ತು ಲಾಗ್ ಫೈಲುಗಳು ರೂಟ್ ಒಡೆತನಕ್ಕೆ ಹೋಗುತ್ತವೆ, ಆಮೇಲೆ ಸೈಟಿಗೆ ಅವನ್ನು ಬರೆಯಲಾಗದೆ ಎರರ್ ಬರುತ್ತದೆ. ಎಲ್ಲೋ ಅಪ್‌ಡೇಟ್ ಕೆಟ್ಟಿದೆ ಅಂತ ಹುಡುಕುತ್ತಾ ದಿನ ಕಳೆಯುತ್ತಾರೆ, ಕಾರಣ ಇಷ್ಟೇ.

ಬಚ್ಚಿಡಬೇಕಾದ ಫೋಲ್ಡರ್: ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರಿನಲ್ಲಿ ಎಚ್‌ಟಿಆ್ಯಕ್ಸೆಸ್ ಫೈಲುಗಳು ಒಳಗಿನ ಫೋಲ್ಡರುಗಳನ್ನು ಕಾಯುತ್ತವೆ. ಎಂಜಿನ್‌ಎಕ್ಸ್ ಆ ಫೈಲುಗಳನ್ನು ಓದುವುದೇ ಇಲ್ಲ. ಪ್ರೊಟೆಕ್ಟೆಡ್ ಫೋಲ್ಡರ್ ಮತ್ತು ಅಪ್‌ಲೋಡ್ಸ್ ಒಳಗಿನ ಫೈಲ್ ಫೋಲ್ಡರ್ ಎರಡನ್ನೂ ನೀವೇ ಕಾನ್ಫಿಗ್‌ನಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ ಖಾಸಗಿ ಸ್ಪೇಸಿನ ಡ್ರಾಯಿಂಗ್ ಕೂಡ ವಿಳಾಸ ಗೊತ್ತಿದ್ದವರಿಗೆ ಲಾಗಿನ್ ಇಲ್ಲದೆ ತೆರೆಯುತ್ತದೆ. ಸೈಟ್ ಎಲ್ಲರಿಗೂ ಬಿಡುವ ಮುಂಚೆ, ಲಾಗಿನ್ ಆಗದ ಬ್ರೌಸರಿನಲ್ಲಿ ಆ ಫೋಲ್ಡರಿನೊಳಗಿನ ಒಂದು ಫೈಲಿನ ವಿಳಾಸ ಹೊಡೆದು ನೋಡಿ. 403 ಅಥವಾ 404 ಬರಬೇಕು.

ಇಮೇಲ್ ಇಲ್ಲದವರು: ನೋಂದಣಿ ಪುಟ ಮುಚ್ಚಿ, ಅತಿಥಿ ಪ್ರವೇಶವನ್ನೂ ಮುಚ್ಚಿ. ಅಡ್ಮಿನ್ ಕಡೆಯಿಂದಲೇ ಖಾತೆ ತೆರೆಯಿರಿ. ಬಳಕೆದಾರ ಹೆಸರು ನೌಕರರ ಸಂಖ್ಯೆ ಆಗಿರಲಿ, ಇಮೇಲ್ ಜಾಗಕ್ಕೆ ನಿಮ್ಮ ಡೊಮೇನಿನಲ್ಲೇ ಅದೇ ಸಂಖ್ಯೆಯ ಅಲಿಯಾಸ್ (ಬೇರೊಂದು ಪೆಟ್ಟಿಗೆಗೆ ಬೀಳುವ ವಿಳಾಸ) ಕೊಡಿ. ಇಲ್ಲಿ ಒಂದು ಎಚ್ಚರಿಕೆ: ಇಲ್ಲದ ವಿಳಾಸ ಸುಮ್ಮನೆ ತುಂಬಬೇಡಿ. ಹಮ್‌ಹಬ್ ದಿನದ ಸಾರಾಂಶ ಮೇಲ್ ಕಳಿಸುತ್ತದೆ; 85 ಸುಳ್ಳು ವಿಳಾಸಕ್ಕೆ ದಿನಾ ಮೇಲ್ ಹೋಗಿ ಬೌನ್ಸ್ ಆದರೆ ಮೇಲ್ ಸೇವೆಯವರು ನಿಮ್ಮ ಕಳಿಸುವ ಖಾತೆಯನ್ನೇ ತಡೆಯುತ್ತಾರೆ, ಆಗ ನಿಜವಾದ 55 ಜನಕ್ಕೂ ಮೇಲ್ ನಿಲ್ಲುತ್ತದೆ. ಎಲ್ಲ ಅಲಿಯಾಸೂ ಒಂದೇ ಪೆಟ್ಟಿಗೆಗೆ ಬೀಳುವಂತೆ ಮಾಡಿ, ಸಾರಾಂಶ ಮೇಲನ್ನು ಮೂಲ ಸೆಟ್ಟಿಂಗ್‌ನಲ್ಲೇ ನಿಲ್ಲಿಸಿ. ಪಾಸ್‌ವರ್ಡ್ ಮರೆತರೆ ಇಮೇಲಿನಿಂದ ಪ್ರಯೋಜನ ಇಲ್ಲ, ಟೈಮ್ ಆಫೀಸಿನಲ್ಲಿ ಐಡಿ ಕಾರ್ಡ್ ತೋರಿಸಿ ಹೊಸದು ಪಡೆಯುವ ಪದ್ಧತಿ ಇಡಿ. ಫೋನಿಗೆ ಪುಶ್ ಸೂಚನೆ ಬರಬೇಕಾದರೆ ಅದಕ್ಕೆ ಬೇರೆ ಮಾಡ್ಯೂಲ್ ಹಾಕಿ ಹೊಂದಿಸಬೇಕು, ತಾನಾಗಿ ಬರುವುದಿಲ್ಲ.

ಮೇಲ್ ಕಳಿಸಲು 25ನೇ ಪೋರ್ಟ್ ನೆಚ್ಚಬೇಡಿ. ಬಹಳಷ್ಟು ಮೋಡದ ಸೇವೆಗಳು ಅದನ್ನು ಮುಚ್ಚಿರುತ್ತವೆ. 587 ಬಳಸಿ.

ಬ್ಯಾಕಪ್ ಅಂದರೆ ಮೂರು ವಸ್ತು: ಡೇಟಾಬೇಸ್, ಅಪ್‌ಲೋಡ್ಸ್ ಫೋಲ್ಡರ್, ಕಾನ್ಫಿಗ್ ಫೋಲ್ಡರ್. ಬರೀ ಡೇಟಾಬೇಸ್ ಇಟ್ಟುಕೊಂಡವರಿಗೆ ಪೋಸ್ಟ್ ಮರಳಿ ಬರುತ್ತದೆ, ಫೋಟೋ ಜಾಗದಲ್ಲಿ ಖಾಲಿ ಚೌಕ. ತಿಂಗಳಿಗೊಮ್ಮೆ ಬೇರೆ ಮೆಶಿನ್ನಿಗೆ ಮರಳಿ ತುಂಬಿ, ಹಳೆಯ ಐದು ಪೋಸ್ಟ್ ತೆರೆದು ಫೋಟೋ ಕಾಣುತ್ತದೆಯೇ ನೋಡಿ.

---

ಪೀಣ್ಯ_ಐಟಿ

ಇಬ್ಬರಿಗೂ ಧನ್ಯವಾದ, ಬಹಳ ಉಪಯೋಗವಾಯಿತು. ಕನ್ನಡದ ವಿಷಯ ಯಾರಾದರೂ ಹೇಳಿದರೆ ಒಳ್ಳೆಯದು. ಎಚ್‌ಆರ್ ಸುತ್ತೋಲೆಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿರುವುದು. ಮತ್ತೆ, ಶಾಪ್ ಫ್ಲೋರಿನಲ್ಲಿ ಒಂದು ಟ್ಯಾಬ್ ಇಟ್ಟು ಎಲ್ಲರೂ ಅದನ್ನೇ ಬಳಸಿದರೆ ಆದೀತೇ?

---

ಅಕ್ಷರ_ಯೂನಿಕೋಡ್

ಕನ್ನಡದ ಮಟ್ಟಿಗೆ ನಾಲ್ಕು ಕಡೆ ಗಮನ ಬೇಕು.

ಮೊದಲನೆಯದು ಡೇಟಾಬೇಸಿನ ಅಕ್ಷರ ಸಂಕೇತ. ಮೈಎಸ್‌ಕ್ಯೂಎಲ್, ಮರಿಯಾಡಿಬಿಗಳ ಹಳೇ ಯುಟಿಎಫ್8 ಒಂದು ಅಕ್ಷರಕ್ಕೆ 3 ಬೈಟ್ ತನಕ ಮಾತ್ರ ಹಿಡಿಯುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಸರಿಯಾಗಿ 3 ಬೈಟ್ ಬೇಕು, ಹಾಗಾಗಿ ಕನ್ನಡ ಬರೆದು ಪರೀಕ್ಷಿಸಿದರೆ ಎಲ್ಲ ಸರಿ ಅನ್ನಿಸುತ್ತದೆ. ಎಮೋಜಿಗೆ 4 ಬೈಟ್. ಯಾರೋ ಪೋಸ್ಟಿನ ಕೊನೆಗೆ ಹೆಬ್ಬೆರಳಿನ ಚಿತ್ರ ಹಾಕಿದಾಗ ಪೋಸ್ಟ್ ಸೇವ್ ಆಗದೆ ಎರರ್ ಬರುತ್ತದೆ, ಇಲ್ಲವೇ ಅಲ್ಲಿಗೆ ತುಂಡಾಗುತ್ತದೆ. ಡೇಟಾಬೇಸ್ ಸೃಷ್ಟಿಸುವಾಗಲೇ ಯುಟಿಎಫ್8ಎಂಬಿ4 ಕೊಡಿ. ಬ್ಯಾಕಪ್ ತೆಗೆಯುವಾಗಲೂ, ಮರಳಿ ತುಂಬುವಾಗಲೂ ಅದೇ ಸಂಕೇತ ಇರಲಿ.

ಎರಡನೆಯದು ನುಡಿ. ಹಳೇ ಸುತ್ತೋಲೆಗಳು ನುಡಿಯ ಆಸ್ಕಿ ಫಾಂಟಿನಲ್ಲಿ ಇದ್ದರೆ ಅವು ಕಂಪ್ಯೂಟರಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಕನ್ನಡದ ರೂಪ ಕೊಟ್ಟದ್ದು. ವರ್ಡ್‌ನಿಂದ ಕಾಪಿ ಮಾಡಿ ಪೋಸ್ಟಿಗೆ ಅಂಟಿಸಿದರೆ ಅರ್ಥವಿಲ್ಲದ ಸಾಲು ಕಾಣುತ್ತದೆ. ಪಿಡಿಎಫ್ ಮಾಡಿ ಹಾಕಿದರೆ ಕಣ್ಣಿಗೆ ಸರಿ ಕಾಣುತ್ತದೆ, ಹುಡುಕಿದರೆ ಒಂದಕ್ಷರವೂ ಸಿಗದು. ನುಡಿಯ ಜೊತೆಗೇ ಯೂನಿಕೋಡಿಗೆ ಬದಲಿಸುವ ಸಾಧನ ಬರುತ್ತದೆ. ಬದಲಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಓದಿ ನೋಡಿ, ತಪ್ಪಾದರೆ ಅಲ್ಲೇ ಆಗುವುದು. ಇನ್ನು ಮುಂದಿನ ಟೈಪಿಂಗ್ ಯೂನಿಕೋಡ್ ಆಯ್ಕೆಯಲ್ಲೇ ಆಗಲಿ ಎಂದು ಎಚ್‌ಆರ್‌ಗೆ ಹೇಳಿಬಿಡಿ.

ಮೂರನೆಯದು ಹುಡುಕಾಟ, ಇದೇ ದೊಡ್ಡದು. ನಮ್ಮ ವಿಭಕ್ತಿಗಳು ಪದಕ್ಕೆ ಅಂಟಿಕೊಳ್ಳುತ್ತವೆ. "ಬೇರಿಂಗ್" ಎಂದು ಹುಡುಕುವವರಿಗೆ "ಬೇರಿಂಗಿನಲ್ಲಿ ಶಬ್ದ", "ಬೇರಿಂಗನ್ನು ಬದಲಿಸಿದೆ" ಎಂಬ ಪೋಸ್ಟುಗಳೂ ಸಿಗಬೇಕು. ಇಡೀ ಪದ ಹೊಂದಿಸುವ ಹುಡುಕಾಟದಲ್ಲಿ ಅವು ಸಿಗುವುದಿಲ್ಲ. ಇಂಗ್ಲಿಷಿಗೆ ಪದದ ಬಾಲ ಕತ್ತರಿಸಿ ಹೊಂದಿಸುವ ವ್ಯವಸ್ಥೆ ಇದೆ, ಕನ್ನಡಕ್ಕೆ ಈ ಸಾಫ್ಟ್‌ವೇರುಗಳಲ್ಲಿ ಅದಿಲ್ಲ. ಜುಲಿಪ್‌ನಲ್ಲಿ ಪಿಜಿರೂಂಗಾ ಎಂಬ ಹುಡುಕು ಸೂಚಿ ಸೇರಿಸುವ ಅನುಕೂಲ ಇದೆ. ಅದು ಅಕ್ಷರಗಳ ಜೋಡಿ ಹಿಡಿದು ಹುಡುಕುವುದರಿಂದ ಪದದ ತುಂಡೂ ಸಿಗುತ್ತದೆ, ಕನ್ನಡಕ್ಕೆ ಇದು ನಿಜಕ್ಕೂ ಉಪಕಾರ. ಬೇರೆಲ್ಲಿಯೇ ಆಗಲಿ, ಆಯ್ಕೆ ಮಾಡುವ ಮುಂಚೆ ಹತ್ತು ನಿಜವಾದ ಪೋಸ್ಟ್ ಹಾಕಿ ಹುಡುಕಿ ನೋಡಿ.

ನಾಲ್ಕನೆಯದು ಕಣ್ಣಿಗೆ ಕಾಣದ್ದು. "ಮೋಟಾರ್" ಎಂದು ಒಬ್ಬರ ಕೀಲಿಮಣೆ ಬರೆದರೆ ಕೊನೆಯ ಅರ್ಧಾಕ್ಷರದ ನಂತರ ಏನೂ ಇರುವುದಿಲ್ಲ. ಇನ್ನೊಬ್ಬರ ಕೀಲಿಮಣೆ ಅಲ್ಲಿ ಶೂನ್ಯ ಅಗಲದ ಒಂದು ಬೇರ್ಪಡಿಕೆ ಸಂಕೇತ ಸೇರಿಸುತ್ತದೆ. ತೆರೆಯ ಮೇಲೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಎರಡು ಬೇರೆ ಪದ. ಇದನ್ನು ಜನರಿಗೆ ಕಲಿಸಿ ಸರಿಪಡಿಸಲು ಆಗುವುದಿಲ್ಲ. ಆದ್ದರಿಂದ ಮುಂದೆ ಹುಡುಕಬೇಕಾದ ಪ್ರತಿ ಪೋಸ್ಟಿನಲ್ಲೂ ಯಂತ್ರ ಸಂಖ್ಯೆ, ಪಾರ್ಟ್ ನಂಬರ್ ಕಡ್ಡಾಯವಾಗಿ ಇಂಗ್ಲಿಷ್ ಅಕ್ಷರದಲ್ಲಿ, ಯಂತ್ರದ ಫಲಕದ ಮೇಲೆ ಇರುವ ಹಾಗೆಯೇ ಇರಲಿ. ಫಲಕದಲ್ಲಿ 03 ಇದ್ದರೆ 3 ಅಲ್ಲ 03, ಮಧ್ಯೆ ಗೆರೆ ಇದ್ದರೆ ಗೆರೆ ಸಮೇತ. ಹಮ್‌ಹಬ್‌ನಲ್ಲಿ ಸ್ಪೇಸಿಗೆ ಟಾಪಿಕ್ ಪಟ್ಟಿ ಮೊದಲೇ ಮಾಡಿಟ್ಟರೆ ಬರೆಯುವವರು ಟೈಪ್ ಮಾಡದೆ ಆರಿಸುತ್ತಾರೆ, ತಪ್ಪು ಕಾಗುಣಿತದ ಪ್ರಶ್ನೆಯೇ ಬರದು. ವಿವರಣೆ ಮಾತ್ರ ಅವರವರ ಕನ್ನಡದಲ್ಲಿ, ಹುಬ್ಬಳ್ಳಿಯವರು ಹುಬ್ಬಳ್ಳಿ ಮಾತಿನಲ್ಲೇ ಬರೆಯಲಿ. ಭಾಷೆ ತಿದ್ದಲು ಹೋದರೆ ಬರೆಯುವುದನ್ನೇ ಬಿಡುತ್ತಾರೆ.

---

ಮೈಸೂರು_ಎಚ್‌ಆರ್

ಟ್ಯಾಬ್ ಬಗ್ಗೆ: ಇಡಬಹುದು, ಆದರೆ "ಶಿಫ್ಟ್ ಎ" ಎಂಬ ಒಂದೇ ಲಾಗಿನ್ ಮಾಡಬೇಡಿ. ಯಾರು ಸೂಚನೆ ನೋಡಿದರು, ಯಾರು ಬರೆದರು ಎಂಬುದೇ ತಿಳಿಯುವುದಿಲ್ಲ, ಏನಾದರೂ ಅವಘಡವಾದರೆ ಆ ದಾಖಲೆಗೆ ಬೆಲೆ ಇಲ್ಲ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ಹಮ್‌ಹಬ್‌ನ ಸೆಟ್ಟಿಂಗ್‌ನಲ್ಲಿ ಸುಮ್ಮನಿದ್ದರೆ ತಾನಾಗಿ ಲಾಗ್‌ಔಟ್ ಆಗುವ ಸಮಯ ಕೊಡುವ ಜಾಗ ಇದೆ, ಸೆಕೆಂಡಿನಲ್ಲಿ ಬರೆಯಬೇಕು. ಆದರೆ ಅದು ಇಡೀ ಸೈಟಿಗೆ ಮೂಲ ಸೆಟ್ಟಿಂಗ್, 120 ಕೊಟ್ಟರೆ ಆಫೀಸಿನವರಿಗೂ ಎರಡು ನಿಮಿಷಕ್ಕೇ ಹೊರಹಾಕುತ್ತದೆ. ಟ್ಯಾಬಿನಲ್ಲಿ ಕಿಯಾಸ್ಕ್ ಬ್ರೌಸರ್ (ಗೊತ್ತುಮಾಡಿದ ಸೈಟ್ ಮಾತ್ರ ತೆರೆಯುವುದು) ಹಾಕಿ, ಎರಡು ನಿಮಿಷ ಮುಟ್ಟದಿದ್ದರೆ ಕುಕೀ ಅಳಿಸಿ ಲಾಗ್‌ಔಟ್ ಆಗುವಂತೆ ಹೊಂದಿಸುವುದು ಉತ್ತಮ. ಸ್ವಂತ ಫೋನಿನಲ್ಲಿ ಆ್ಯಪ್ ಹಾಕಲು ಯಾರನ್ನೂ ಒತ್ತಾಯಿಸಬೇಡಿ. ಟ್ಯಾಬ್ ಅವರಿಗಾಗಿಯೇ ಇರಲಿ.

ಈಗ ಜನರ ವಿಷಯ. ಸ್ಪೇಸ್ ಏಳೆಂಟಕ್ಕಿಂತ ಹೆಚ್ಚು ಬೇಡ: ಸೂಚನೆಗಳು, ಪೀಣ್ಯ, ಹಾರೋಹಳ್ಳಿ, ಹುಬ್ಬಳ್ಳಿ, ಮೆಂಟೆನೆನ್ಸ್, ಕ್ವಾಲಿಟಿ, ಡ್ರಾಯಿಂಗ್ ಬದಲಾವಣೆ. ಇನ್ನೊಂದು ಹಬ್ಬ, ಕ್ರಿಕೆಟ್, ಹುಟ್ಟುಹಬ್ಬಕ್ಕೆ ಬೇಕೇ ಬೇಕು. ಅದಕ್ಕೆ ಜಾಗ ಕೊಡದಿದ್ದರೆ ಶುಭಾಶಯಗಳೆಲ್ಲ ಮೆಂಟೆನೆನ್ಸ್ ಸ್ಪೇಸಿಗೆ ಬರುತ್ತವೆ. ಸೂಚನೆಗಳ ಸ್ಪೇಸಿಗೆ ಹೊಸ ಖಾತೆ ತೆರೆದಾಗಲೇ ತಾನಾಗಿ ಸೇರುವಂತೆ ಮಾಡಿ, ಪೋಸ್ಟ್ ಹಾಕುವವರು ಮೂವರೇ ಇರಲಿ.

ಫೀಡಿನ ಕ್ರಮವನ್ನು ಸೃಷ್ಟಿಯಾದ ಸಮಯಕ್ಕೋ ಕೊನೆಯ ಬದಲಾವಣೆಗೋ ಹೊಂದಿಸಬಹುದು. ಕೊನೆಯ ಬದಲಾವಣೆ ಇಟ್ಟರೆ ಹಳೇ ಬ್ರೇಕ್‌ಡೌನಿಗೆ ಹೊಸ ಕಾಮೆಂಟ್ ಬಿದ್ದಾಗ ಅದು ಮೇಲೆ ಬರುತ್ತದೆ, ಮೆಂಟೆನೆನ್ಸ್‌ನವರಿಗೆ ಬೇಕಾದದ್ದು ಅದೇ.

ಬ್ರೇಕ್‌ಡೌನ್ ಪೋಸ್ಟಿಗೆ ಒಂದೇ ನಮೂನೆ ಹಾಕಿಕೊಟ್ಟು ಸ್ಪೇಸಿನ ತಲೆಗೆ ಪಿನ್ ಮಾಡಿ. ಹೀಗೆ:

ಯಂತ್ರ: (ಫಲಕದ ಮೇಲಿನ ಸಂಖ್ಯೆ)
ನಿಂತ ಸಮಯ: 10:40
ಏನು ಕಂಡಿತು: ಸ್ಪಿಂಡಲ್ ಓವರ್‌ಲೋಡ್ ಅಲಾರಂ, ಕತ್ತರಿಸುವಾಗ ಮಾತ್ರ
ಫೋಟೋ: ಅಲಾರಂ ಪರದೆ ಒಂದು, ಟೂಲ್ ಒಂದು
ಯಾರಿಗೆ: ಮೆಂಟೆನೆನ್ಸ್ ಶಿಫ್ಟ್ ಇನ್‌ಚಾರ್ಜ್ ಹೆಸರು ಮೆನ್ಷನ್

ಅದರ ಕೆಳಗೆ ಕಾಮೆಂಟಿನಲ್ಲಿ ಏನು ಮಾಡಿದರು, ಯಾವ ಪಾರ್ಟ್ ಹಾಕಿದರು, ಎಷ್ಟಕ್ಕೆ ಓಡಿತು. ಹೊಸ ಪೋಸ್ಟ್ ಅಲ್ಲ, ಅದೇ ಪೋಸ್ಟಿನ ಕಾಮೆಂಟ್. ಇದನ್ನು ಮೊದಲ ತಿಂಗಳು ಒಬ್ಬರು ಕೂತು ನೋಡಿಕೊಳ್ಳಬೇಕು. ತಪ್ಪು ಜಾಗದಲ್ಲಿ ಹಾಕಿದವರಿಗೆ ಎಲ್ಲರೆದುರು ಹೇಳದೆ ಖಾಸಗಿಯಾಗಿ ಹೇಳಿ.

ಲೈಕ್ ಅಂದರೆ ಏನು ಎಂಬುದನ್ನು ಮೊದಲೇ ಗೊತ್ತುಮಾಡಿ. ಒಬ್ಬರಿಗೆ "ನೋಡಿದೆ", ಇನ್ನೊಬ್ಬರಿಗೆ "ನಾನು ಮಾಡುತ್ತೇನೆ", ಮೂರನೆಯವರಿಗೆ "ಆಯಿತು". ಇದರಿಂದಲೇ ಕೆಲಸ ನಿಂತುಹೋಗುತ್ತದೆ. ಲೈಕ್ ಎಂದರೆ ನೋಡಿದೆ, ಅಷ್ಟೇ. ಕೈಗೆತ್ತಿಕೊಂಡವರು ಮತ್ತು ಮುಗಿಸಿದವರು ಕಾಮೆಂಟ್ ಬರೆಯಲೇಬೇಕು.

ಆಮೇಲೆ ವಾಟ್ಸಾಪ್. ಅದನ್ನು ಹಾಗೇ ಬಿಟ್ಟರೆ ಹೊಸದಕ್ಕೆ ಯಾರೂ ಬರುವುದಿಲ್ಲ. ಒಂದೇ ದಿನ ಮುಚ್ಚಿದರೆ ಅಡ್ಮಿನ್ ಇಲ್ಲದ ಹೊಸ ಗ್ರೂಪ್ ಹುಟ್ಟುತ್ತದೆ. ಒಂದೊಂದೇ ವಿಭಾಗ ಬದಲಿಸಿ. ವಿಭಾಗ ಬದಲಾದ ದಿನ ಆ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು ಎಂದು ಹೊಂದಿಸಿ, ಗ್ರೂಪಿನ ವಿವರಣೆಯಲ್ಲಿ ಹೊಸ ವಿಳಾಸ ಹಾಕಿ. ಎಲ್ಲಕ್ಕಿಂತ ಜನರನ್ನು ಎಳೆಯುವುದು ಶಿಫ್ಟ್ ಪಟ್ಟಿ. ಮುಂದಿನ ವಾರದ ಶಿಫ್ಟ್ ಪಟ್ಟಿ, ಓವರ್‌ಟೈಮ್ ಪಟ್ಟಿ, ಕ್ಯಾಂಟೀನ್ ಮೆನು ಹೊಸ ಜಾಗದಲ್ಲಿ ಮಾತ್ರ ಸಿಗಲಿ, ಎಲ್ಲರೂ ಲಾಗಿನ್ ಆಗುತ್ತಾರೆ. ಅಪಘಾತ, ಬೆಂಕಿ, ಗೇಟು, ವಾಹನ ಇವುಗಳಿಗೆ ವಾಟ್ಸಾಪ್ ಗ್ರೂಪ್ ಉಳಿಸಿಕೊಳ್ಳಿ. ನಿಮ್ಮ ಸರ್ವರ್ ಬಿದ್ದ ದಿನವೂ ಅದು ನಡೆಯುತ್ತಿರಬೇಕು.

---

ಲಾಗ್_ಕಾವಲು

ಎರಡು ವಿಷಯ ಯಾರೂ ಹೇಳಿಲ್ಲ: ಹೊರಬರುವ ದಾರಿ ಮತ್ತು ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ).

ಮೆಟಾದ ವರ್ಕ್‌ಪ್ಲೇಸ್ ಇದೇ ಕೆಲಸಕ್ಕೆ, ಫೇಸ್‌ಬುಕ್ ಮಾದರಿಯಲ್ಲೇ ಬಂದದ್ದು. 2024ರ ಮೇನಲ್ಲಿ ಮುಚ್ಚುವುದಾಗಿ ಪ್ರಕಟಿಸಿದರು. 2025ರ ಆಗಸ್ಟ್ 31ರ ತನಕ ಬಳಕೆ, ಆಮೇಲೆ 2026ರ ಮೇ 31ರ ತನಕ ಓದಲು, ಇಳಿಸಿಕೊಳ್ಳಲು ಮಾತ್ರ ಅವಕಾಶ ಎಂದು ಗಡುವು ಕೊಟ್ಟರು. ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ 90 ದಿನಕ್ಕಿಂತ ಹಳೆಯದು ಕಾಣುವುದಿಲ್ಲ, ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸುತ್ತಾರೆ; ರಿಪೇರಿ ಚರಿತ್ರೆ ಇಡುವವರಿಗೆ ಅದು ಆಗದು. ಆದ್ದರಿಂದ ಯಾವುದೇ ಸೇವೆ ಆರಿಸಿದರೂ ಪರೀಕ್ಷೆಯ ವಾರದಲ್ಲೇ ಒಂದು ಸ್ಪೇಸನ್ನು ಪೂರ್ತಿ ಹೊರತೆಗೆದು ನೋಡಿ: ಕಾಮೆಂಟುಗಳು ಯಾವ ಪೋಸ್ಟಿನವು ಎಂಬ ಕೊಂಡಿ ಉಳಿದಿದೆಯೇ, ಫೈಲುಗಳು ಬಂದವೇ, ಸಮಯ ಯಾವ ವಲಯದಲ್ಲಿದೆ. ಜಾಗತಿಕ ಸಮಯದಲ್ಲಿ ಬಂದರೆ ನಮ್ಮದಕ್ಕೆ ಐದೂವರೆ ಗಂಟೆ ವ್ಯತ್ಯಾಸ, ರಾತ್ರಿ ಪಾಳಿಯ ದಾಖಲೆ ಹಿಂದಿನ ದಿನಕ್ಕೆ ಹೋಗಿರುತ್ತದೆ.

ಹಳೇ ವಾಟ್ಸಾಪ್ ಮಾತನ್ನು ತುಂಬಬೇಕೆಂದು ಹೊರಡಬೇಡಿ. ಅದರ ಎಕ್ಸ್‌ಪೋರ್ಟ್‌ನಲ್ಲಿ ಮಾತುಗಳು ಬರೀ ಪಠ್ಯ, ಸಂಖ್ಯೆಗೂ ಮಿತಿ ಇದೆ: ಫೋಟೋ ಸಮೇತ 10,000, ಇಲ್ಲದೆ 40,000 ಸಂದೇಶ. ಯಾವುದಕ್ಕೆ ಯಾವುದು ಉತ್ತರ ಎಂಬುದು ಅದರಲ್ಲಿ ಸ್ಪಷ್ಟವಿರುವುದಿಲ್ಲ. ಫೈಲ್ ಆಗಿ ಒಂದು ಕಡೆ ಇಟ್ಟು, ಪ್ರತಿ ಯಂತ್ರಕ್ಕೆ ನೆನಪಿರುವ ದೊಡ್ಡ ರಿಪೇರಿಗಳನ್ನು ಮಾತ್ರ ಕೈಯಿಂದ ವಿಕಿ ಪುಟಕ್ಕೆ ಬರೆಸಿ.

ಜುಲಿಪ್ ಕಡೆ ಮನಸ್ಸಿದ್ದರೆ: 100 ಜನರ ಮೇಲೆ 2 ಕೋರ್, 4 ಜಿಬಿ ರ್‍ಯಾಮ್, ಡಿಸ್ಕಿನಲ್ಲಿ ಕನಿಷ್ಠ 10 ಜಿಬಿ ಖಾಲಿ. ನೀವೇ ನಡೆಸುವ ಸರ್ವರಿನಿಂದ ಫೋನಿಗೆ ಪುಶ್ ಸೂಚನೆ ಉಚಿತವಾಗಿ 10 ಬಳಕೆದಾರರ ತನಕ ಮಾತ್ರ, ಆಚೆಗೆ ತಲೆಗಿಷ್ಟು ಹಣ. 140 ಜನಕ್ಕೆ ಇದು ಸಣ್ಣ ಮೊತ್ತವಲ್ಲ. ಅದರ ಬ್ಯಾಕಪ್ಪನ್ನು ಅದೇ ಜುಲಿಪ್ ಆವೃತ್ತಿ, ಅದೇ ಪೋಸ್ಟ್‌ಗ್ರೆಸ್ (ಜುಲಿಪ್ ಬಳಸುವ ಡೇಟಾಬೇಸ್) ಆವೃತ್ತಿ ಇರುವ ಮೆಶಿನ್ನಿಗೇ ಮರಳಿ ತುಂಬಬೇಕು, ಆದ್ದರಿಂದ ಬ್ಯಾಕಪ್ ಫೈಲಿನ ಹೆಸರಿನಲ್ಲೇ ಎರಡೂ ಸಂಖ್ಯೆ ಬರೆದಿಡಿ.

ಲಾಗ್: ಸೈಬರ್ ಭದ್ರತೆಯ ಕೇಂದ್ರ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಕಂಪನಿಗಳು ತಮ್ಮ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ವ್ಯವಸ್ಥೆಗಳ ಲಾಗನ್ನು 180 ದಿನ, ಭಾರತದ ವ್ಯಾಪ್ತಿಯೊಳಗೆ ಇಡಬೇಕು, ಪಟ್ಟಿ ಮಾಡಿದ ಭದ್ರತಾ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಎಂದಿದೆ. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್ ಲಾಗ್ ಮೂಲ ಹೊಂದಿಕೆಯಲ್ಲಿ 14 ದಿನಕ್ಕೆ ಅಳಿಯುತ್ತದೆ. ಹಳೇ ಲಾಗ್ ಅಳಿಸುವ ಲಾಗ್‌ರೊಟೇಟ್‌ನಲ್ಲಿ 14 ಇರುವ ಕಡೆ 180 ಮಾಡಿ. ಸರ್ವರ್ ಬಾಡಿಗೆಗೆ ಪಡೆಯುವಾಗ ಮುಂಬೈ, ಬೆಂಗಳೂರು ಹೀಗೆ ದೇಶದೊಳಗಿನ ಜಾಗವನ್ನೇ ಆರಿಸಿ.

ಕೆಲಸ ಬಿಟ್ಟವರ ಖಾತೆಯನ್ನು ಡಿಲೀಟ್ ಮಾಡಬೇಡಿ, ನಿಷ್ಕ್ರಿಯ ಮಾಡಿ. ಡಿಲೀಟ್ ಮಾಡುವಾಗ ಅವರ ಪೋಸ್ಟುಗಳೂ ಹೋಗುವ ಆಯ್ಕೆ ಇರುತ್ತದೆ, ಅವಸರದಲ್ಲಿ ಒತ್ತಿದರೆ ಹತ್ತು ವರ್ಷದ ಫಿಟ್ಟರ್ ಬರೆದ ರಿಪೇರಿ ಟಿಪ್ಪಣಿಗಳೆಲ್ಲ ಹೋಗುತ್ತವೆ. ಎಚ್‌ಆರ್‌ನ ಕೊನೆಯ ದಿನದ ನೋ ಡ್ಯೂ ಫಾರ್ಮಿನಲ್ಲಿ "ಒಳಜಾಲದ ಖಾತೆ ನಿಲ್ಲಿಸಿದೆ" ಎಂಬ ಒಂದು ಸಾಲು, ಐಟಿಯ ಸಹಿ ಸೇರಿಸಿ.

---

ಪೀಣ್ಯ_ಐಟಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಹಮ್‌ಹಬ್ ಪರೀಕ್ಷಾ ಸರ್ವರ್ ಹಾಕಿ ಪೀಣ್ಯದ ಮೆಂಟೆನೆನ್ಸ್ ಮತ್ತು ಕ್ವಾಲಿಟಿ ವಿಭಾಗಕ್ಕೆ ಮೊದಲು ಕೊಡುತ್ತೇವೆ. ಯಂತ್ರ ಸಂಖ್ಯೆಗಳ ಟಾಪಿಕ್ ಪಟ್ಟಿ ಮತ್ತು ಬ್ರೇಕ್‌ಡೌನ್ ನಮೂನೆ ಸಿದ್ಧವಾದಮೇಲೆ ಇಲ್ಲೇ ಹಾಕುತ್ತೇನೆ, ತಿದ್ದುಪಡಿ ಇದ್ದರೆ ಹೇಳಿ. ಎಫ್1 ಲೈಸೆನ್ಸಿನ ಲೆಕ್ಕವನ್ನೂ ಪಕ್ಕದಲ್ಲಿಟ್ಟು ಆಡಳಿತದವರಿಗೆ ತೋರಿಸುತ್ತೇವೆ.

---

ಕರಾವಳಿ_ಲಿನಕ್ಸ್

ಪರೀಕ್ಷಾ ಸರ್ವರಿನಲ್ಲಿ ಮೇಲ್ ಕಳಿಸುವುದನ್ನು ಮೊದಲು ಫೈಲಿಗೆ ಬರೆಯುವ ಆಯ್ಕೆಗೆ ಇಡಿ. ಖಾತೆಗಳನ್ನು ತುಂಬುವಾಗಲೇ ಸ್ವಾಗತ ಮೇಲ್ ಹೊರಟುಬಿಟ್ಟರೆ ಜನ ಪರೀಕ್ಷೆಯ ವಿಳಾಸವನ್ನೇ ಫೋನಿನಲ್ಲಿ ಉಳಿಸಿಕೊಳ್ಳುತ್ತಾರೆ, ನಿಜವಾದ ಸೈಟ್ ಬಂದಮೇಲೂ ಅಲ್ಲಿಗೇ ಹೋಗುತ್ತಾರೆ. ವಿಳಾಸವನ್ನು ಮೊದಲೇ ಗೊತ್ತುಮಾಡಿ, ಸಂಪರ್ಕವನ್ನು ಸುರಕ್ಷಿತವಾಗಿಡುವ ಟಿಎಲ್‌ಎಸ್ ಸರ್ಟಿಫಿಕೇಟ್ ಹಾಕಿದ ಮೇಲೆಯೇ ಮೊದಲ ಲಾಗಿನ್ ಕೊಡಿ.